ಹೆಸರಿಲ್ಲದೆ ಬಂದ ಫೋಟೋ

"ನಾನು ಮಾಡಿದ ಆ್ಯಪ್‌ನಿಂದಾಗಿ ಒಬ್ಬರು ಸತ್ತಿದ್ದಾರೆ ಮೇಡಂ," ಎಂದಳು ಜಸೀಲಾ. ಮುಂದಿಟ್ಟ ಚಹಾವನ್ನು ಅವಳು ಮುಟ್ಟಿರಲಿಲ್ಲ.

ಬನ್ನಂಜೆಯ ಆ ಮನೆಯ ಮುಂದಿನ ಕೋಣೆಯೇ ಹರ್ಷಿಣಿ ಸುವರ್ಣರ ಕಚೇರಿ. ವಿಮಾ ಕಂಪನಿಯೊಂದರಲ್ಲಿ ಸುಳ್ಳು ಅಪಘಾತಗಳ ಬೆನ್ನು ಹತ್ತಿ ಕೂದಲು ನರೆಸಿಕೊಂಡವರು, ಕೊನೆಗೆ ಅದನ್ನು ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದಿದ್ದರು. ಕಲ್ಯಾಣಪುರದಿಂದ ದಿನವೂ ಬಸ್ಸಿನಲ್ಲಿ ಬರುವ ಶಾರ್ಲೆಟ್ ಎಂಬ ನಾನು ಅವರ ಕಾರು ಓಡಿಸುತ್ತಿದ್ದೆ, ಅವರ ಜೊತೆ ಎಲ್ಲ ಕಡೆಗೂ ಹೋಗುತ್ತಿದ್ದೆ.

"ಆ್ಯಪ್ ಎಂತದ್ದು? ಮೊದಲಿಂದ ಹೇಳಿ," ಎಂದರು ಹರ್ಷಿಣಿಯಕ್ಕ.

ಜಸೀಲಾ ಮಣಿಪಾಲದ ತೀರ ಇಂಜಿನಿಯರ್ಸ್ ಎಂಬ ಕಂಪನಿಯಲ್ಲಿದ್ದಳು. ಕಂಪನಿ ಕಾಪುವಿನ ಕಡಲತೀರದಲ್ಲಿ ತಡೆಗೋಡೆ ಕಟ್ಟುತ್ತಿತ್ತು. ಕಲ್ಲು ಕಾರ್ಕಳದ ಕೋರೆಗಳಿಂದ ಬರುತ್ತಿತ್ತು. ಒಂದು ಸೈಟಿನಲ್ಲಿ ಆದ ತಪ್ಪು ಇನ್ನೊಂದರಲ್ಲಿ ಆಗಬಾರದು, ಒಬ್ಬರು ಕಲಿತದ್ದು ಎಲ್ಲರಿಗೂ ಸಿಗಬೇಕು ಎಂದು ಅವಳು 'ಹಂಚು' ಎಂಬ ಆ್ಯಪ್ ರೂಪಿಸಿದ್ದಳು. ಮೇಲಿನವರ ತಪ್ಪು ಬರೆಯಲು ಕೆಳಗಿನವರು ಹೆದರುತ್ತಾರೆಂದು, ಹೆಸರು ಮರೆಮಾಡಿ ಬರೆಯುವ ಅವಕಾಶವನ್ನೂ ಇಟ್ಟಿದ್ದಳು. ಪ್ರಯೋಗಕ್ಕಾಗಿ ಅದನ್ನು ಮೊದಲು ಕಾಪು ತಂಡದ ನಾಲ್ವರಿಗೆ ಕೊಟ್ಟಿದ್ದಳು. ಗುಣಮಟ್ಟ ವಿಭಾಗದ ಮುಖ್ಯಸ್ಥ ತಾರಾನಾಥ, ಪ್ರಾಜೆಕ್ಟ್ ಮ್ಯಾನೇಜರ್ ಜಿತೇಂದ್ರ, ಸೈಟ್ ಇಂಜಿನಿಯರ್ ಯಶ್ವಂತ್, ಅವನ ಕೈಕೆಳಗಿನ ರೋನಿ.

"ಕೊಟ್ಟ ಸಂಜೆಯೇ ಇದು ಬಂತು," ಎಂದು ಜಸೀಲಾ ಫೋನು ಮುಂದೆ ಹಿಡಿದಳು.

ಫೋಟೋದಲ್ಲಿ ತಡೆಗೋಡೆಯ ಒಡಲು ಕಾಣುತ್ತಿತ್ತು. ಒಂದು ಕಲ್ಲು ಒಡೆದು ಹಳದಿ ಪುಡಿಯಾಗಿ ಸುರಿದಿತ್ತು. ಮೇಲಿನ ಮೂಲೆಯಲ್ಲಿ, ದೂರದ ಬಂಡೆಗಳ ಮೇಲೆ ಯಾರೋ ಕಡಲಿನತ್ತ ಮುಖ ಮಾಡಿ ನಿಂತಿದ್ದರು. ಕೊರಳ ಹಿಂದೆ ಒಂದು ನೀಲಿ ಗೆರೆ ಬಿಟ್ಟರೆ ಗುರುತು ಹತ್ತುವಂಥದ್ದು ಏನೂ ಇರಲಿಲ್ಲ. ಕೆಳಗೆ ಬರೆದಿತ್ತು: 'ಒಳಗೆ ತುಂಬಿದ್ದು ಗಟ್ಟಿ ಕಲ್ಲಲ್ಲ. ದೊಡ್ಡ ಅಲೆಗೆ ಗೋಡೆ ನಿಲ್ಲುವುದಿಲ್ಲ. ಹಿಂದೆ ಮನೆಗಳು ಉಂಟು.'

"ಹೆಸರು ಕಾಣುವುದಿಲ್ಲವಲ್ಲ," ಎಂದೆ ನಾನು.

"ಕಾಣುತ್ತಿತ್ತು. ಫೋಟೋವನ್ನು ಒತ್ತಿ ಹಿಡಿದರೆ, ಅದು ಯಾರ ಹೆಸರಿಗೆ ನೋಂದಾಯಿಸಿದ ಸಾಧನದಿಂದ ಬಂತೋ ಆ ಹೆಸರು ಬರುತ್ತಿತ್ತು. ಯಶ್ವಂತ್ ಅಂತ. ನನ್ನ ತಪ್ಪು. ನೋಡಿದ ಕೂಡಲೇ ಸರಿಮಾಡಿದೆ, ಆದರೆ ಅಷ್ಟರೊಳಗೆ ಯಾರು ನೋಡಿದರೋ." ಅವಳ ದನಿ ಸಣ್ಣದಾಯಿತು. "ಮರುದಿನ ಅವರು ಕಾರ್ಕಳದ ಹಳೆಯ ಕೋರೆಯ ಗುಂಡಿಯಲ್ಲಿ ಹೆಣವಾಗಿ ಸಿಕ್ಕಿದರು. ಪೊಲೀಸರು ಕಾಲು ಜಾರಿ ಬಿದ್ದದ್ದು ಅಂದರು."

"ಈ ಹೆಸರಿನ ವಿಷಯ ಬೇರೆ ಯಾರಿಗೆ ಹೇಳಿದ್ದೀರಿ?"

"ಯಾರಿಗೂ ಇಲ್ಲ. ಹೇಳಲು ಬಾಯಿ ಬರಲಿಲ್ಲ."

ಆ ದಿನವೇ ನಾವು ಮಣಿಪಾಲಕ್ಕೆ ಹೋದೆವು. ಜಿತೇಂದ್ರ ನಮ್ಮನ್ನು ಕೂರಿಸಲೂ ಇಲ್ಲ. "ಯಾರು ಬರೆದದ್ದೋ ನನಗೆಂತ ಗೊತ್ತು? ಆ ರೋನಿಯದ್ದೇ ಕಿತಾಪತಿ ಇರಬೇಕು. ಗೊತ್ತಾದರೆ ಕೆಲಸದಿಂದ ತೆಗೆಯುತ್ತೇನೆ," ಎಂದ. ಯಶ್ವಂತ್ ಸತ್ತ ದಿನ ತಾನು ಲಾರಿಗಳ ಹಿಂದೆ ಕಾರ್ಕಳದಲ್ಲೇ ಇದ್ದೆ ಎಂಬುದನ್ನು ಅವನು ಮುಚ್ಚಿಡಲಿಲ್ಲ. ನನಗಂತೂ ಕೊಲೆಗಾರ ಸಿಕ್ಕಿದ ಎನಿಸಿತು.

ತಾರಾನಾಥರು ಬೇರೆ ಥರದ ಮನುಷ್ಯ. ಬಿಳಿಗೂದಲು, ಮೆದು ಮಾತು. ಹೆಸರು ಮರೆಮಾಡುವ ಸೌಕರ್ಯ ಬೇಕೆಂದು ಜಸೀಲಾಳ ಪರವಾಗಿ ಆಡಳಿತದವರ ಹತ್ತಿರ ವಾದಿಸಿದವರು ಅವರೇ ಅಂತೆ. ನಮಗೆ ಕಾಫಿ ತರಿಸಿದರು.

"ಒಳ್ಳೆಯ ಹುಡುಗ," ಎಂದರು. "ಯಶ್ವಂತ್ ಹಾಗೆ ಹೆಸರು ಅಡಗಿಸಿ ಬರೆಯಬೇಕಾಗಿರಲಿಲ್ಲ. ನೇರ ನನ್ನ ಹತ್ತಿರ ಬಂದಿದ್ದರೆ ನಾನೇ ಬೆನ್ನಿಗೆ ನಿಲ್ಲುತ್ತಿದ್ದೆ. ಅವನು ಸತ್ತಂದು ನಾನು ಇಡೀ ದಿನ ಮಣಿಪಾಲದಲ್ಲೇ ಇದ್ದೆ. ಸುದ್ದಿ ಕೇಳಿ ಊಟ ಸೇರಲಿಲ್ಲ." ಅವರ ಕಣ್ಣು ಒದ್ದೆಯಾಗಿತ್ತು.

ಕಾಪುವಿನಲ್ಲಿ, ಆ ತಡೆಗೋಡೆಯ ಹಿಂದಿನ ಮನೆಯೊಂದರ ಜಗಲಿಯಲ್ಲಿ ಯಶ್ವಂತನ ತಾಯಿ ಅಪ್ಪಿ ಕುಳಿತಿದ್ದರು. ಮೀನು ಮಾರಿ ಮಗನನ್ನು ಓದಿಸಿದ ಹೆಂಗಸು. ಗೋಡೆಗೆ ಒರಗಿಸಿದ ಮಗನ ಬೈಕಿನ ಮೇಲೆ ಧೂಳು ಕೂತಿತ್ತು.

"ಬೈಕಿನಲ್ಲಿ ಹೋಗಲಿಲ್ಲವಾ?" ಎಂದು ಕೇಳಿದರು ಹರ್ಷಿಣಿಯಕ್ಕ.

"ಹೇಗೆ ಹೋಗುವುದು? ಅದಕ್ಕಿಂತ ವಾರ ಮೊದಲು ಬಿದ್ದು ಎಡಗೈ ಮುರಿದಿತ್ತು. ನೀಲಿ ಪಟ್ಟಿಯಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದ. ಸಾರ್ ಕರೆದಿದ್ದಾರೆ ಅಂತ ಹೇಳಿ ಮೇನ್ ರೋಡಿಗೆ ನಡೆದುಕೊಂಡು ಹೋದ."

"ಯಾವ ಸಾರ್?"

"ಅವನಿಗೆ ಎಲ್ಲರೂ ಸಾರ್," ಎಂದರು ಅಪ್ಪಿ.

ಸೈಟಿನ ಶೆಡ್ಡಿನಲ್ಲಿ ರೋನಿಯೊಬ್ಬನೇ ಇದ್ದ. ಇಪ್ಪತ್ತೈದು ದಾಟದ ಹುಡುಗ. ಬಹಳ ದಿನದಿಂದ ನಿದ್ದೆ ಇಲ್ಲದ ಮುಖ. ಮೇಜಿನ ಮೇಲಿದ್ದ ಟ್ಯಾಬ್ ತೋರಿಸಿ, ಅದು ಯಾರದ್ದೆಂದು ಹರ್ಷಿಣಿಯಕ್ಕ ಕೇಳಿದರು. "ಸೈಟಿನದ್ದು. ನಾವಿಬ್ಬರೂ ಬಳಸುತ್ತಿದ್ದೆವು. ಯಶ್ವಂತ್ ಸಾರ್ ಹೆಸರಿನಲ್ಲಿ ಉಂಟು," ಎಂದ. ಅವರು ಮತ್ತೇನೂ ಕೇಳಲಿಲ್ಲ. ಕಾರಿಗೆ ಬಂದವರೇ ಕಾರ್ಕಳದ ಸಬ್ ಇನ್ಸ್‌ಪೆಕ್ಟರ್ ಗಣಪರಿಗೆ ಫೋನು ಮಾಡಿ, ಕಾಪುವಿನಿಂದ ಕಾರ್ಕಳಕ್ಕೆ ಹೋಗುವ ಶಿರ್ವ ಬೆಳ್ಮಣ್ಣು ರಸ್ತೆಯ ಕ್ಯಾಮೆರಾಗಳನ್ನು ನೋಡಲು, ಆ ಕಲ್ಲು ಬಂದ ಕೋರೆ ಯಾರದ್ದೆಂದು ವಿಚಾರಿಸಲು ಕೇಳಿಕೊಂಡರು.

ಎರಡು ದಿನ ಬಿಟ್ಟು ಕಂಪನಿಯ ಮೀಟಿಂಗ್ ಕೋಣೆಯಲ್ಲಿ ಎಲ್ಲರೂ ಸೇರಿದರು. ಗಣಪ ಬಾಗಿಲ ಬಳಿ ಕುಳಿತರು. ಹರ್ಷಿಣಿಯಕ್ಕ ಆ ಫೋಟೋವನ್ನು ಗೋಡೆಯ ದೊಡ್ಡ ಪರದೆಯ ಮೇಲೆ ಹಾಕಿಸಿದರು.

"ಯಶ್ವಂತ್ ತಾನಾಗಿ ಕಾರ್ಕಳಕ್ಕೆ ಹೋಗಲಿಲ್ಲ," ಎಂದು ಶುರುಮಾಡಿದರು. "ಅವನಿಗೆ ಅಲ್ಲಿ ಕೆಲಸವಿರಲಿಲ್ಲ. ಬೈಕು ಓಡಿಸುವ ಹಾಗಿರಲಿಲ್ಲ. ಬಸ್ಸಿಳಿದರೂ ಆ ಗುಂಡಿ ಬಹಳ ಒಳಗೆ. ಅಂದರೆ ಯಾರೋ ಕಾರಿನಲ್ಲಿ ಕರೆದುಕೊಂಡು ಹೋದರು. ಅವನು 'ಸಾರ್' ಅನ್ನುವ ಒಬ್ಬರು."

"ನನ್ನನ್ನು ನೋಡಬೇಡಿ," ಎಂದ ಜಿತೇಂದ್ರ.

"ನೋಡಿದ್ದೆ. ಆದರೆ ನೀವು ರೋನಿಯ ಮೇಲೆ ಸಂಶಯಪಟ್ಟಿರಿ. ಆ ಸಂಜೆ ಈ ಫೋಟೋವನ್ನು ಒತ್ತಿ ಹಿಡಿದವರಿಗೆ ಒಂದು ಹೆಸರು ಕಾಣುತ್ತಿತ್ತು, ಯಶ್ವಂತನ ಹೆಸರು. ಅದನ್ನು ಕಂಡವರು ಇನ್ನೊಬ್ಬರನ್ನು ಯಾಕೆ ಬಯ್ಯುತ್ತಾರೆ? ಈ ದೋಷದ ವಿಷಯ ಜಸೀಲಾ ನನಗಲ್ಲದೆ ಯಾರಿಗೂ ಹೇಳಿರಲಿಲ್ಲ. ಆದರೂ ಒಬ್ಬರು ಯಶ್ವಂತನೇ ಬರೆದದ್ದು ಅಂತ ಕಾಫಿ ಕೊಡುತ್ತಾ ನನಗೆ ಹೇಳಿದರು. ಬಹಳ ಮರುಕದಿಂದ."

ತಾರಾನಾಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದು ನನ್ನ ಊಹೆ. ಅವನ ಸ್ವಭಾವ ನನಗೆ ಗೊತ್ತಿತ್ತು."

"ಊಹೆಯಾದರೆ ತಪ್ಪು ಊಹೆ ಸಾರ್. ಇದನ್ನು ಯಶ್ವಂತ್ ಬರೆಯಲಿಲ್ಲ." ಹರ್ಷಿಣಿಯಕ್ಕ ಪರದೆಯ ಮೇಲಿನ ಮೂಲೆಯಲ್ಲಿ ಬೆರಳಿಟ್ಟರು. "ದೂರದಲ್ಲಿ ನಿಂತಿರುವವನ ಕೊರಳಲ್ಲಿ ನೀಲಿ ಪಟ್ಟಿ ಉಂಟು ನೋಡಿ. ಅವನೇ ಯಶ್ವಂತ್. ತಾನೇ ತೆಗೆದ ಫೋಟೋದಲ್ಲಿ ಅಷ್ಟು ದೂರ ಬೆನ್ನು ಹಾಕಿ ನಿಲ್ಲುವುದು ಹೇಗೆ? ತೆಗೆದವರು ಬೇರೆ. ಟ್ಯಾಬ್ ಮಾತ್ರ ಅವನ ಹೆಸರಿನದ್ದು."

ತಾರಾನಾಥರು ಪರದೆಯನ್ನೇ ನೋಡುತ್ತಾ ಕುಳಿತರು.

ಗಣಪ ಎದ್ದು ನಿಂತರು. "ಬೆಳ್ಮಣ್ಣಿನ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ನಿಮ್ಮ ಕಾರು ಸಿಕ್ಕಿದೆ. ಓಡಿಸುತ್ತಿದ್ದವರು ನೀವು. ಪಕ್ಕದಲ್ಲಿ ಯಶ್ವಂತ್. ವಾಪಸು ಬರುವಾಗ ಪಕ್ಕದ ಸೀಟು ಖಾಲಿ. ಆ ಕಲ್ಲು ಕಳಿಸಿದ ಕೋರೆ ನಿಮ್ಮ ಭಾವನದ್ದು, ಅದರಲ್ಲಿ ನಿಮಗೂ ಪಾಲುಂಟು. ಪರೀಕ್ಷೆ ಮಾಡದೆಯೇ ಅದನ್ನು ಪಾಸು ಮಾಡಿದವರೂ ನೀವೇ."

ತಾರಾನಾಥರು ಮಾತಾಡಿದಾಗ ಅದು ಯಾರನ್ನೂ ಉದ್ದೇಶಿಸಿದಂತಿರಲಿಲ್ಲ. "ಕೋರೆ ನೋಡಿ ಬರುವ, ನಾವಿಬ್ಬರೂ ಸೇರಿ ಸರಿಮಾಡುವ ಅಂತ ಕರೆದೆ. ಗುಂಡಿಯ ಅಂಚಿನಲ್ಲಿ ಕೇಳಿದೆ, ಬರೆದದ್ದನ್ನು ತೆಗೆದುಹಾಕು ಅಂತ. ನಾನು ಬರೆದದ್ದಲ್ಲ ಸಾರ್ ಅಂದ. ಹಾಗಾದರೆ ಯಾರು ಅಂದೆ. ಗೊತ್ತುಂಟು, ಆದರೆ ಹೇಳುವುದಿಲ್ಲ ಅಂದ. ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೆ."

ಮೇಜಿನ ಕೊನೆಯಲ್ಲಿ ಕುರ್ಚಿಯೊಂದು ಹಿಂದಕ್ಕೆ ಸರಿದ ಸದ್ದಾಯಿತು. ರೋನಿ ಎದ್ದು ನಿಂತಿದ್ದ.

"ನಾನು ಬರೆದದ್ದು," ಎಂದ. "ಯಶ್ವಂತ್ ಸಾರ್‌ಗೆ ಮಾತ್ರ ಹೇಳಿದ್ದೆ. ಹೆದರಬೇಡ, ಹೆಸರು ಬರುವುದಿಲ್ಲ ಅಂತ ಅವರೇ ಧೈರ್ಯ ಕೊಟ್ಟರು." ಜಸೀಲಾ ಮುಖ ಮುಚ್ಚಿಕೊಂಡಳು.

ಗಣಪ ತಾರಾನಾಥರನ್ನು ಕರೆದುಕೊಂಡು ಹೋದ ಮೇಲೆ, ತನಗೆ ಕಾಪುವಿಗೆ ಹೋಗಬೇಕು ಎಂದ ರೋನಿ. ಹರ್ಷಿಣಿಯಕ್ಕ ನನ್ನತ್ತ ನೋಡಿದರು. ನಾನು ಕಾರು ತೆಗೆದೆ.

ಅಪ್ಪಿಯ ಎದುರು ರೋನಿ ನೆಲದ ಮೇಲೆ ಕುಳಿತ. ನಡೆದದ್ದನ್ನೆಲ್ಲ ತುಳುವಿನಲ್ಲಿ, ತಡವರಿಸುತ್ತಾ ಹೇಳಿದ. ಯಶ್ವಂತ್ ಕೊನೆಯವರೆಗೂ ಬರೆದವನ ಹೆಸರು ಹೇಳಲಿಲ್ಲ ಎಂಬುದನ್ನೂ ಹೇಳಿದ. ಆಕೆ ಅಳುತ್ತಾರೆ, ಇಲ್ಲವೇ ಅವನನ್ನು ಹೊರಗೆ ಹಾಕುತ್ತಾರೆ ಎಂದು ನಾನು ಕಾದೆ. ಅಪ್ಪಿ ಬಹಳ ಹೊತ್ತು ತಮ್ಮ ಕೈಗಳನ್ನೇ ನೋಡುತ್ತಿದ್ದರು.

"ನೀನು ಬರೆದದ್ದು ನಿಜವಾ?" ಎಂದು ಕೊನೆಗೆ ಕೇಳಿದರು. "ಗೋಡೆ ನಿಲ್ಲುವುದಿಲ್ಲವಾ?"

"ನಿಲ್ಲುವುದಿಲ್ಲ ಅಮ್ಮ."

"ಇದನ್ನು ಇಲ್ಲಿಯವರಿಗೆ ಯಾರಾದರೂ ಹೇಳಿದ್ದಾರಾ?"

ರೋನಿ ನನ್ನತ್ತ ತಿರುಗಿದ, ನಾನು ಹರ್ಷಿಣಿಯಕ್ಕನತ್ತ. ಕಂಪನಿಯೊಳಗೆ ಅದನ್ನು ಓದಿದವರಿದ್ದರು, ಬಯ್ದವರಿದ್ದರು, ಅದಕ್ಕಾಗಿ ಕೊಂದವರಿದ್ದರು. ಗೋಡೆಯ ಹಿಂದೆ ಮನೆ ಕಟ್ಟಿಕೊಂಡವರಿಗೆ ಮಾತ್ರ ಯಾರೂ ಒಂದು ಮಾತು ಹೇಳಿರಲಿಲ್ಲ.

ಅಪ್ಪಿ ಮೊಣಕಾಲಿಗೆ ಕೈಕೊಟ್ಟು ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಏಳು. ನನಗೆ ಇದೆಲ್ಲ ಹೇಳಲಿಕ್ಕೆ ಬರುವುದಿಲ್ಲ. ನೀನೇ ಹೇಳಬೇಕು," ಎಂದು ರೋನಿಗಿಂತ ಮುಂದಾಗಿ ಅಂಗಳಕ್ಕಿಳಿದು, ಪಕ್ಕದ ಮನೆಯ ಬೇಲಿಯ ಹತ್ತಿರ ನಿಂತು ಕರೆದರು. "ಆಮಿನಮ್ಮ, ಕೈಕೆಲಸ ಬಿಟ್ಟು ಸ್ವಲ್ಪ ಹೊರಗೆ ಬಾ."