ಕೂದಲಿನಷ್ಟು ಅಲೆ

ಭಾವ ಬದುಕಿರುವವರೆಗೂ ತನ್ನ ಕೈಕೆಲಸಕ್ಕೆ ಮರ್ಯಾದೆಯಿಲ್ಲ ಎಂಬುದು ಇವನಿಗೆ ಖಾತ್ರಿಯಾಗಿ ಆರು ವರ್ಷವಾಗಿತ್ತು. ಅಕ್ಕನ ಗಂಡ ಆ ಟಿಂಕರಿಂಗ್ ಶೆಡ್ಡಿನ ದೊಡ್ಡ ಮೇಸ್ತ್ರಿ. ಇವನು ನಲವತ್ತಾರು ದಾಟಿ, ಕಿವಿಯ ಮೇಲೆ ನರೆ ಬಂದರೂ ಚಿಕ್ಕ ಮೇಸ್ತ್ರಿ. ದಿನವಿಡೀ ಉಜ್ಜಿ ನಯಮಾಡಿದ ತಗಡಿನ ಮೇಲೆ ಭಾವ ಕಣ್ಣು ಮುಚ್ಚಿ ಅಂಗೈ ಆಡಿಸುತ್ತಿದ್ದ. ಕಣ್ಣಿಗೆ ಕಾಣದ ಏರಿಳಿತ ತಾಗಿ ಎಲ್ಲೋ ಒಂದು ಕಡೆ ಕೈ ನಿಲ್ಲುತ್ತಿತ್ತು.

"ಅಲೆ ಇದೆ ಕಣೋ. ಕೂದಲಿನಷ್ಟು. ಇನ್ನೊಂದು ಸಲ ಉಜ್ಜು."

ಗಿರಾಕಿಗಳ ಎದುರಿಗೇ ಹಾಗೆನ್ನುತ್ತಿದ್ದ. ಅದಕ್ಕಿಂತ ಸಂಕಟದ ಸಂಗತಿಯೆಂದರೆ, ಭಾವ ಹೇಳಿದ ಜಾಗದಲ್ಲಿ ಅಲೆ ಇದ್ದೇ ಇರುತ್ತಿತ್ತು.

ಇವನು ಅವಸರ ಮಾಡಲಿಲ್ಲ. ಭಾವ ದಿನಾ ನಸುಕಿನಲ್ಲಿ ಕಾಲುವೆ ಪಕ್ಕದ ರಸ್ತೆಯಲ್ಲಿ ಒಬ್ಬನೇ ನಡೆದು ಶೆಡ್ಡಿಗೆ ಬರುತ್ತಿದ್ದ. ಶೆಡ್ಡಿನಲ್ಲಿ ಎಡಮಗ್ಗುಲನ್ನು ಗೋಡೆಗೆ ಒತ್ತಿಕೊಂಡು ಟೀಚರಮ್ಮನ ಬಿಳಿ ಕಾರು ನಿಂತಿತ್ತು. ಬಲಬಾಗಿಲ ರಿಪೇರಿಗೆ ಬಂದದ್ದು. ಭಾವನಿಗೆ ಗುದ್ದುವುದಾದರೆ ಆ ಕಾರಿನ ಎಡಗಡೆಯಿಂದ ಗುದ್ದಬೇಕು. ಬಲಬಾಗಿಲಿಗೆಂದು ಬಂದ ಕಾರಿನ ಎಡಗಡೆಯನ್ನು ಯಾರು ನೋಡುತ್ತಾರೆ? ಶೆಡ್ಡೆಂದ ಮೇಲೆ ಹೊಸ ಬಣ್ಣದ ವಾಸನೆಗೂ ಯಾರೂ ಮೂಗು ಅರಳಿಸುವುದಿಲ್ಲ. ಪೊಲೀಸರು ಹುಡುಕುವುದು ಜಖಂ ಆದ ಕಾರನ್ನು. ಜಖಂ ಅಳಿಸುವುದು ಇವನ ಹೊಟ್ಟೆಪಾಡು.

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಸದ್ದಿಗೆ ಭಾವ ತಿರುಗಿ ನೋಡಿದ್ದೊಂದು ಮಾತ್ರ ಎಣಿಕೆಯಲ್ಲಿರಲಿಲ್ಲ. ಗುರುತು ಹಿಡಿದು, ನಕ್ಕು, ಬಾ ಎಂಬಂತೆ ಕೈ ಎತ್ತಿದ್ದ.

ಸಾವಿನ ಮನೆಯೆಂದು ಶೆಡ್ಡು ನಾಲ್ಕು ದಿನ ಮುಚ್ಚಿತು. "ಒಬ್ಬನೇ ಅಲ್ಲಿ ಹೋಗಿ ಏನ್ ಮಾಡ್ತೀಯೋ?" ಎಂದು ಅಕ್ಕ ಅತ್ತಳು. "ಕೈ ಸುಮ್ನಿದ್ರೆ ಹುಚ್ಚು ಹಿಡಿಯುತ್ತೆ ಅಕ್ಕಾ" ಎಂದ. ಅದು ಸುಳ್ಳೂ ಆಗಿರಲಿಲ್ಲ.

ಕಾರನ್ನು ಗೋಡೆಯಿಂದ ಈಚೆಗೆ ನಿಲ್ಲಿಸಿಕೊಂಡು ಒಡೆದ ದೀಪ ಬದಲಾಯಿಸಿದ. ಮಡ್‌ಗಾರ್ಡನ್ನು ಒಳಗಿನಿಂದ ಸಣ್ಣಗೆ ತಟ್ಟಿ ಎಬ್ಬಿಸಿ ಪುಟ್ಟಿ ಬಳಿದ. ಒಣಗಿದ ಮೇಲೆ ಉದ್ದನೆಯ ಮರದ ತುಂಡಿಗೆ ಎಮರಿ ಕಾಗದ ಸುತ್ತಿ, ಓರೆಯಾಗಿ ಉಜ್ಜಿದ. ಕರಿಪುಡಿ ಸವರಿ ಮತ್ತೆ ಉಜ್ಜಿದ. ತಗ್ಗಿದ್ದಲ್ಲಿ ಕರಿ ಉಳಿಯಬೇಕು, ಎಲ್ಲೂ ಉಳಿಯಲಿಲ್ಲ. ಆದರೂ ಅಂಗೈ ಇಟ್ಟೊಡನೆ ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟಂತಾಗಿ, ಅಲೆ ಇದೆ ಕಣೋ ಎಂಬ ದನಿ ಕೇಳುತ್ತಿತ್ತು. ಕಣ್ಣು ಮುಚ್ಚಿ ತಡಕಿದರೆ ನಿಜಕ್ಕೂ ಇರುತ್ತಿತ್ತು. ಇವನಿಗೆ ಭಯವಾಯಿತು. ಮೂರು ಬಾರಿ ಪುಟ್ಟಿ ಕಿತ್ತು ಹೊಸದಾಗಿ ಬಳಿದ.

ನಾಲ್ಕನೆಯ ದಿನ ದನಿ ಸುಮ್ಮನಾಯಿತು. ಬಲಬಾಗಿಲಿಗೂ ಎಡ ಮಡ್‌ಗಾರ್ಡಿಗೂ ಒಟ್ಟಿಗೇ ಬಣ್ಣ ಹೊಡೆದ. ಜೀವಮಾನದಲ್ಲಿ ಮೊದಲ ಬಾರಿಗೆ ಇವನ ಕೈಯಿಂದ ಒಂದು ಚೂರೂ ಅಲೆಯಿಲ್ಲದ ಕೆಲಸ ಹೊರಬಿದ್ದಿತ್ತು. ಇದನ್ನು ಭಾವ ನೋಡಬೇಕಿತ್ತು ಎನ್ನಿಸಿ, ನಾಚಿಕೆಯಿಲ್ಲದೆ ಅಳು ಬಂತು.

ಶೆಡ್ಡು ತೆರೆದ ದಿನವೇ ಎಸ್‌ಐ ಬಂದರು. ಗುದ್ದಿದ್ದು ಬಿಳಿ ಕಾರು, ಎಡ ಮುಂಭಾಗದಿಂದ ಎಂಬುದಷ್ಟೇ ಗೊತ್ತಾಗಿ, ಸುತ್ತಮುತ್ತಲ ಶೆಡ್ಡುಗಳನ್ನೆಲ್ಲ ಜಾಲಾಡುತ್ತಿದ್ದರು. ಕಾರಿಗೆ ಎರಡು ಸುತ್ತು ಹಾಕಿ ಎಡ ಮಡ್‌ಗಾರ್ಡನ್ನು ತಟ್ಟಿದರು. "ಇದಕ್ಕೇನೂ ಆಗಿಲ್ಲ ಬಿಡಿ. ಕನ್ನಡಿ ಇದ್ದ ಹಾಗಿದೆ." ಅಂಥ ಹೊತ್ತಿನಲ್ಲೂ ಇವನ ಎದೆ ಉಬ್ಬಿತು.

ಎಸ್‌ಐ ಹೊರಡುವಷ್ಟರಲ್ಲಿ ಟೀಚರಮ್ಮ ಕಾರು ಒಯ್ಯಲು ಬಂದರು. ಬಲಬಾಗಿಲಿಗೆ ತಲೆದೂಗಿದರು. ಎಡಕ್ಕೆ ಬಂದವರು ದೀಪದ ಹಿಂದೆ ಬಗ್ಗಿ ಏನನ್ನೋ ಹುಡುಕಿದರು. ಅವರ ಮುಖ ಚಿಕ್ಕದಾಯಿತು. "ಅಯ್ಯೋ, ಇಲ್ಲೊಂದು ಹಳೇ ನಗ್ಗಿತ್ತಲ್ಲ? ನಮ್ಮನೆಯವರು ಕಡೇ ಸಲ ಓಡಿಸಿದಾಗ ಗೇಟಿಗೆ ತಾಗಿಸಿದ್ದು. ಅವರದೂಂತ ಅದೊಂದೇ ಉಳಿದಿತ್ತು, ಮುಟ್ಟಬೇಡಿ ಅಂತ ದೊಡ್ಡ ಮೇಸ್ತ್ರಿಗೆ ಹೇಳಿ ಹೋಗಿದ್ನಲ್ಲ. ಬಲಬಾಗಿಲು ಸರಿಮಾಡಿ ಅಂದ್ರೆ ಎಡಗಡೆಗೆ ಯಾಕ್ರೀ ಕೈ ಹಾಕಿದ್ರಿ?" ಹೊರಗೆ ಜೀಪು ಹತ್ತಲು ಒಂದು ಕಾಲಿಟ್ಟಿದ್ದ ಎಸ್‌ಐ, ಆ ಕಾಲನ್ನು ಇಳಿಸಿದರು.