ಕೋರೆಯ ಡಿಶ್ಶಿನ ಮುಂದೆ

ಲ್ಯಾಪ್‌ಟಾಪಿನಲ್ಲಿ ಹಸಿರು ಗೆರೆ ಮತ್ತೆ ಏರಿತು. ಪುತ್ತೂರಿನ ಬಾಡಿಗೆ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ ತೃಷಾ ಲೋಟ ಕೆಳಗಿಟ್ಟು ಆಲೆಟ್ಟಿ ಹಳ್ಳಿಗೆ ವಾಟ್ಸಾಪ್ ಕಾಲ್ ಮಾಡಿದಳು.

"ಯತಿನ್, ಡಿಶ್ಶಿನ ಮುಂದೆ ಯಾರು ನಿಂತದ್ದು?"

"ಯಾರೂ ಇಲ್ಲ ಮೇಡಂ. ದನ ಬಂದಿರಬೇಕು."

"ನಿನ್ನೆ ನಾಯಿ ಅಂದ್ರಿ."

"ನಿನ್ನೆ ನಾಯಿಯೇ. ಇವತ್ತು ದನ. ನಿಮ್ಮದು ಚಾ ಆಯ್ತಾ?"

ಅವಳು ಫೋನಿಟ್ಟಳು. ಕಲ್ಲಿನಲ್ಲೇ ಕಡಿದ ಕಿರಿದಾದ ಮೆಟ್ಟಿಲು ಬಿಟ್ಟರೆ ಡಿಶ್ ಇರುವ ಕೋರೆಗೆ, ಕಲ್ಲು ತೆಗೆದ ಆ ಹೊಂಡಕ್ಕೆ, ಇಳಿಯಲು ದಾರಿಯೇ ಇಲ್ಲ. ದನವಂತೆ!

ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವ ತೃಷಾಳಿಗೆ ಆಕಾಶದ ಹೈಡ್ರೋಜನ್ನಿನಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ಹುಚ್ಚು. ಪುತ್ತೂರಿನಲ್ಲಿ ಟವರುಗಳ ಗದ್ದಲ. ಮೊಬೈಲಿಗೆ ರೇಂಜೇ ಸಿಗದ ಜಾಗ ಬೇಕೆಂದು ಆಲೆಟ್ಟಿಯಲ್ಲಿ ಕೇಳಿದಾಗ ಜನ ನಕ್ಕಿದ್ದರು. ಅರಂತೋಡಿನಲ್ಲಿ ಇಂಟರ್ನೆಟ್ ಕನೆಕ್ಷನ್ ಕೊಡುವ ಯತಿನ್ ಮಾತ್ರ ನಗದೆ, ಆಲೆಟ್ಟಿಯ ತನ್ನ ಮನೆಯ ಹಿಂದಿನ ಹಳೆಯ ಕೆಂಪುಕಲ್ಲಿನ ಕೋರೆ ತೋರಿಸಿದ. ಸುತ್ತ ಕಲ್ಲಿನ ಗೋಡೆ, ಮೇಲೆ ಆಕಾಶ. ಅಲ್ಲಿ ಡಿಶ್ ನಿಲ್ಲಿಸಿ, ಕೇಬಲ್ ಎಳೆದು, ವೈಫೈ ಕೂರಿಸಿ, ಅವಳು ಪುತ್ತೂರಿನಲ್ಲೇ ಕೂತು ನಡೆಸುವಂತೆ ಮಾಡಿಕೊಟ್ಟ. ಬೋಲ್ಟು ಬಿಗಿಯುವಾಗ ಅವಳ ಕೈಯಿಂದ ಸ್ಪಾನರ್ ತೆಗೆದುಕೊಳ್ಳುವ ಮೊದಲು ಪ್ರತಿ ಸಲವೂ ಕೈಯ ಗ್ರೀಸ್ ಒರೆಸಿಕೊಳ್ಳುತ್ತಿದ್ದ. ಅವಳು ನೋಡಿಯೂ ನೋಡದವಳಂತಿದ್ದಳು.

ಮನುಷ್ಯನ ಮೈಯ ಬಿಸುಪೂ ರೇಡಿಯೋ ಅಲೆ ಸೂಸುತ್ತದೆ. ತಣ್ಣನೆಯ ಆಕಾಶ ನೋಡುವ ಡಿಶ್ಶಿಗೆ ಯಾರಾದರೂ ಅಡ್ಡ ನಿಂತರೆ ಗೆರೆ ಏರುತ್ತದೆ. ಈಗೀಗ ಪ್ರತಿ ಸಂಜೆ ಏರುತ್ತಿತ್ತು. ಅಷ್ಟು ಹೊತ್ತಿನ ಕೆಲಸ ಹಾಳು. ಕಡಬದ ಗೆಳತಿ ಪೂಜಿತಾ ತನ್ನ ಗುಡ್ಡೆಯಲ್ಲಿ ಜಾಗ ಕೊಡುತ್ತೇನೆ ಎಂದಿದ್ದಳು. ಆದರೆ ಡಿಶ್ ಕಡಬಕ್ಕೆ ಹೋದರೆ, ಆಲೆಟ್ಟಿಗೆ ಹೋಗಲು ತೃಷಾಳಿಗೆ ಬೇರೆ ಕಾರಣ ಉಳಿಯುತ್ತಿರಲಿಲ್ಲ.

ಆದರೂ ಭಾನುವಾರ, ಸ್ಪಾನರುಗಳನ್ನು ಚೀಲಕ್ಕೆ ಹಾಕಿ, ಯಾರಿಗೂ ಹೇಳದೆ ಸುಳ್ಯದ ಬಸ್ಸು ಹತ್ತಿದಳು.

ಆಲೆಟ್ಟಿಯ ಮನೆಯ ಜಗಲಿಯಲ್ಲಿ ಯತಿನ್‌ನ ತಾಯಿ ದಮಯಂತಿ ಹುರುಳಿ ಕೇರುತ್ತಿದ್ದರು.

"ಯತಿನ್ ಇಲ್ವಾ ಅಮ್ಮಾ?"

"ಕೋರೆಗೆ ಹೋದ. ಸಂಜೆಯಾದ್ರೆ ಅಲ್ಲಿಗೇ. ಅದೂ ಹೇಗೆ? ಮಿಂದು, ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿ! ಯಾರನ್ನು ನೋಡ್ಲಿಕ್ಕೆ ಹೋಗುದೋ, ನೀವೇ ಕೇಳಿ ಮಾರಾಯ್ರೆ."

ಹಾಗಾದರೆ ಯಾರೋ ಹುಡುಗಿ. ಯಾರಿಗೂ ಕಾಣದ ಹೊಂಡ, ತನ್ನದೇ ಡಿಶ್ಶಿನ ಮರೆ. ಈ ಸಿಟ್ಟು ಹಾಳಾದ ಕೆಲಸಕ್ಕಲ್ಲ ಎಂಬುದು ನಡೆಯುತ್ತ ನಡೆಯುತ್ತ ಅವಳಿಗೇ ತಿಳಿಯಿತು. ತಿಳಿದ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು.

ಅಂಚಿನಿಂದ ಮೆಲ್ಲಗೆ ಇಣುಕಿದಳು. ಯತಿನ್ ಒಬ್ಬನೇ. ನೀಲಿ ಅಂಗಿ, ಓರೆಯಾಗಿ ನಿಂತ ಡಿಶ್ಶಿನೆದುರು ಫೋಟೋ ತೆಗೆಸಿಕೊಳ್ಳುವವನಂತೆ ನೆಟ್ಟಗೆ. ಕಣ್ಣು ಮಾತ್ರ ಕೈಯ ಫೋನಿನ ಮೇಲೆ.

"ದನ ಎಲ್ಲುಂಟು?"

ಫೋನು ಕೈಜಾರಿ ಬಿತ್ತು. "ಮೇಡಂ! ನೀವು... ಕಾಲ್ ಮಾಡ್ಲಿಲ್ಲ ಅಲ್ವಾ?"

"ಯಾರಿಗೆ ಕಾಯುದು ನೀವು?"

ಅವನು ಫೋನು ಹೆಕ್ಕಿ ಅಂಗಿಗೆ ಒರೆಸಿದ. ನೀಲಿಯ ಮೇಲೆ ಕೆಂಪು ಮಣ್ಣು ಮೆತ್ತಿಕೊಂಡಿತು. "ಮೊದಲ ದಿನ ಜೇಡನ ಬಲೆ ತೆಗೀಲಿಕ್ಕೆ ಬಂದದ್ದು. ಸತ್ಯ. ನೀವು ಕೂಡ್ಲೆ ಕಾಲ್ ಮಾಡಿದ್ರಿ. ಮರುದಿನ ಬಲೆ ಇರ್ಲಿಲ್ಲ."

"ಮತ್ತೆ?"

"ಮತ್ತೆ ಎಂತ? ಬಂದೆ. ಬೈಲಿಕ್ಕಾದ್ರೂ ಕಾಲ್ ಮಾಡ್ತೀರಲ್ಲ."

"ಈ ಡಿಶ್ಶಿಗೆ ಕಣ್ಣಿಲ್ಲ ಯತಿನ್. ಇಸ್ತ್ರಿ ಅಂಗಿ ಯಾಕೆ?"

"ಗೊತ್ತುಂಟು. ಆದ್ರೂ ಆ ಕಡೆ ನೀವು ಇರ್ತೀರಲ್ಲ."

ಅವಳ ಚೀಲದಲ್ಲಿ ಸ್ಪಾನರುಗಳು ಸದ್ದು ಮಾಡಿದವು. ಅವನಿಗೆ ಆ ಸದ್ದು ಗುರುತಾಯಿತು.

"ಬಿಚ್ಚಲಿಕ್ಕೆ ಬಂದದ್ದಾ?"

"ಹೌದು."

"ಬೇಡ. ನಿಮ್ಮ ಕೆಲಸ ಹಾಳು ಮಾಡಿದ್ದು ತಪ್ಪೇ. ಇನ್ನು ಈ ಕಡೆ ಬರುದಿಲ್ಲ. ಡಿಶ್ ಇರ್ಲಿ."

ಅವಳು ಒಂದೊಂದೇ ಮೆಟ್ಟಿಲಿಳಿದು ಬಂದಳು. "ಸುಳ್ಳು ಹೇಳಿದ್ದಕ್ಕೆ ಸಿಟ್ಟುಂಟು. ಅದು ಬೇಗ ಹೋಗುದಿಲ್ಲ."

"ಇರ್ಲಿ."

"ಆಕಾಶ ಎಷ್ಟು ತಣ್ಣಗುಂಟು ಅಂತ ಅಳೀಲಿಕ್ಕೆ, ಹೋಲಿಸ್ಲಿಕ್ಕೆ ಬೆಚ್ಚಗಿನದ್ದು ಒಂದು ಬೇಕಾಗ್ತದೆ. ನಾನು ಹೇಳಿದಾಗ ಮಾತ್ರ ಬಂದು ನಿಲ್ಲಬೇಕು."

"ಉಳಿದ ದಿನ?"

"ಉಳಿದ ದಿನ ನಾನೇ ಕಾಲ್ ಮಾಡ್ತೇನೆ." ಅವಳು ಚೀಲವನ್ನು ಕಲ್ಲಿನ ಮೇಲಿಟ್ಟಳು. "ಸುಮ್ಮನೆ. ಚಾ ಆಯ್ತಾ ಕೇಳ್ಲಿಕ್ಕೆ."

ಅವನು ಸ್ವಲ್ಪ ಸರಿದು ಡಿಶ್ಶಿನೆದುರು ತನ್ನ ಪಕ್ಕದಲ್ಲಿ ಜಾಗ ಬಿಟ್ಟ. ಕೈಯನ್ನು ಅಂಗಿಗೆ ಒರೆಸಲು ಹೋದಾಗ ಅವಳು ಬಿಡಲಿಲ್ಲ. ಮಣ್ಣು ಮೆತ್ತಿದ ಕೈಯನ್ನೇ ಹಿಡಿದುಕೊಂಡಳು.

ಮರುದಿನ ಪುತ್ತೂರಿನಲ್ಲಿ ನೋಡಿದರೆ, ಹಿಂದಿನ ಸಂಜೆಯ ಗೆರೆ ಎಂದಿಗಿಂತ ಎತ್ತರಕ್ಕೆ ಏರಿತ್ತು. ಹಾಳಾದ ಭಾಗಗಳನ್ನೆಲ್ಲ ತೃಷಾ ಒಂದೊಂದಾಗಿ ಅಳಿಸಿದಳು, ಅದೊಂದನ್ನು ಬಿಟ್ಟು.