ಅವರಾಗಿ ಹೋಗುವವರೆಗೆ

ಆ ಸೋಮವಾರ ಬೆಳಿಗ್ಗೆ ಬೇಗೂರಿನ ಮೇಲೆ ಮೋಡ ಬೋರಲು ಹಾಕಿದ ಬಾಣಲೆಯ ಹಾಗೆ ಕೂತಿತ್ತು. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಕೆರೆ ಕಡೆಯಿಂದ ಹಸಿಮಣ್ಣಿನ ವಾಸನೆ ಮಾತ್ರ ತೇಲಿ ಬರುತ್ತಿತ್ತು. ಮಹಡಿಯಲ್ಲಿ ನಿಂತು ಆಕಾಶ ನೋಡಿದ ಮುನಿಕೃಷ್ಣನಿಗೆ ದೇವರು ತನ್ನ ಕಡೆಗೇ ಇದ್ದಾನೆ ಅನ್ನಿಸಿತು.

ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಎದ್ದ ಕಟ್ಟಡ ಅದು. ಮೇಲೆ ಅವನೂ ಅವನ ತಾಯಿ ಭಾಗ್ಯಮ್ಮನೂ ಇದ್ದರು. ನೆಲಮಹಡಿಗೆ ಹೊಸ ಟೈಲ್ಸ್ ಹಾಕಿಸಿ ಖಾಲಿ ಇಟ್ಟಿದ್ದ. ಮೊಬೈಲಿನಲ್ಲಿ ಆರ್ಡರ್ ತೆಗೆದುಕೊಂಡು ಊಟ ಕಳಿಸುವ ಕಂಪನಿಯೊಂದು ಅದನ್ನು ಕೇಳಿತ್ತು. ಆದರೆ ಬೇಸ್‌ಮೆಂಟೂ ಸೇರಿದರೆ ಮಾತ್ರ. ಬೇಸ್‌ಮೆಂಟಿನಲ್ಲಿ ಕೊಪ್ಪಳದ ಬಸಮ್ಮ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಜೋಳದ ರೊಟ್ಟಿ ಬಡಿದು ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಟೀನುಗಳಿಗೆ ಕಳಿಸುತ್ತಿದ್ದಳು. ಬಿಡಿ ಅಂದರೆ ಮುಗಿಯುತ್ತಿತ್ತು. ಅನ್ನುವಂತಿರಲಿಲ್ಲ. ಆಸ್ತಿಯೆಲ್ಲ ತಾಯಿಯ ಹೆಸರಿನಲ್ಲಿತ್ತು. ಆ ತಾಯಿ ಬಸಮ್ಮನ ಕೈಗೆ ಎಲೆ ಅಡಿಕೆ ಕೊಟ್ಟು, “ನೀವಾಗಿ ನೀವು ಹೋಗೋಗಂಟ ನಾವು ಹೋಗಿ ಅನ್ನಾಕಿಲ್ಲ” ಎಂದು ಮಾತು ಕೊಟ್ಟಿದ್ದಳು. ಕಾಗದವನ್ನಾದರೂ ಹರಿಯಬಹುದು, ಭಾಗ್ಯಮ್ಮನ ಎಲೆ ಅಡಿಕೆಯನ್ನು ಹರಿಯುವಂತಿಲ್ಲ.

ಹಾಗಾದರೆ ಅವರಾಗಿಯೇ ಹೋಗಬೇಕು. ಹಿಟ್ಟನ್ನು ನಂಬಿ ಬದುಕುವವರನ್ನು ಓಡಿಸಲು ನೀರಿಗಿಂತ ಬೇರೆ ಬೇಕೇ?

ಹಿಂದಿನ ವರ್ಷ ಹಳೇ ಪಂಪು ಸುಟ್ಟು ಹೋಗಿ ಬೇಸ್‌ಮೆಂಟಿನಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಹೊಸದು ಹಾಕಿಸಿ ಎಂದು ಬಸಮ್ಮ ಅಂಗಲಾಚಿದಾಗಲೆಲ್ಲ ಅವನು ನಾಳೆ ಎನ್ನುತ್ತಿದ್ದ. ಉಪಾಯ ಹೊಳೆದ ಮೇಲೆ ಅದೇ ಮುನಿಕೃಷ್ಣ ತಾಯಿಯನ್ನೂ ಕರೆದುಕೊಂಡು ಅಂಗಡಿಗೆ ಹೋದ. ಬೇಸ್‌ಮೆಂಟಿನ ನೀರು ಬಂದು ಸೇರುವ ಗುಂಡಿಯ ಆಳ ಹೇಳಿದ. ರಸ್ತೆಯ ಚರಂಡಿಗೆ ನೀರು ಎಷ್ಟು ಮೇಲೇರಬೇಕು, ಕೆಸರು ಬಂದರೆ ಪಂಪು ಎಳೆಯುತ್ತದೆಯೇ, ನೀರೇರಿದಾಗ ತೇಲಿ ಪಂಪನ್ನು ತಾನೇ ಚಾಲು ಮಾಡುವ ಫ್ಲೋಟು ಸಿಕ್ಕಿಹಾಕಿಕೊಳ್ಳುವುದಿಲ್ಲವೇ ಎಂದೆಲ್ಲ ಕೇಳಿದ. ಅಂಗಡಿಯವನು ಅರ್ಧ ಎಚ್‌ಪಿ ಸಾಕು ಎಂದರೂ ಒಂದು ಎಚ್‌ಪಿಯದನ್ನೇ ಆರಿಸಿದ. “ಕರೆಂಟ್ ಹೋದ್ರೆ ಏನ್ ಗತಿ ಗುರೂ?” ಎಂದು ತಾಯಿಗೆ ಕೇಳುವ ಹಾಗೆ ಗಟ್ಟಿಯಾಗಿ ಕೇಳಿ, ಬ್ಯಾಟರಿಯಲ್ಲಿ ಓಡುವ ಎರಡನೇ ಪಂಪನ್ನೂ ಕೊಂಡ. ಎಲೆಕ್ಟ್ರಿಷಿಯನ್ ವಿನಾಯಕ್ ಎರಡನ್ನೂ ಕೂರಿಸಿದ. ತೆಂಗಿನಕಾಯಿ ಒಡೆದರು, ಬಸಮ್ಮ ಆರತಿ ಎತ್ತಿದಳು. ಓನರು ಅಂದ್ರೆ ಹಿಂಗಿರಬೇಕು ಎಂದು ಬೀದಿಯವರು ಮಾತಾಡಿಕೊಂಡರು.

ಆ ಬೀದಿಯಲ್ಲಿ ಮೊದಲ ಗುಡುಗಿಗೇ ಕರೆಂಟು ಹೋಗುವುದು ಎಲ್ಲರಿಗೂ ಗೊತ್ತು. ಹೋದೊಡನೆ ದೊಡ್ಡ ಪಂಪು ಬರೀ ಕಲ್ಲು. ಆಗ ಏಳಬೇಕಾದದ್ದು ಬ್ಯಾಟರಿಯ ಪಂಪು. ಅದಕ್ಕೂ ಬ್ಯಾಟರಿಗೂ ನಡುವೆ, ಒಂದು ಕಪ್ಪು ಡಬ್ಬಿಯೊಳಗೆ, ಉಗುರಿನಷ್ಟಗಲದ ನೀಲಿ ಫ್ಯೂಸು. ಅದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುವುದು, ನೀರು ತನ್ನ ಕೆಲಸ ಮುಗಿಸಿದ ಮೇಲೆ ಮತ್ತೆ ಸಿಕ್ಕಿಸುವುದು. ಅಷ್ಟೇ. ಫ್ಲೋಟು ಕಟ್ಟಿದರೆ ದಾರ ಉಳಿಯುತ್ತದೆ, ಪೈಪಿಗೆ ಬಟ್ಟೆ ತುರುಕಿದರೆ ಬಟ್ಟೆ ಉಳಿಯುತ್ತದೆ. ಇಲ್ಲಿ ಏನೂ ಉಳಿಯುವುದಿಲ್ಲ.

ಆದರೂ ಅವನ ಮನಸ್ಸು ಎಲ್ಲರನ್ನೂ ಮೂಸಿ ನೋಡುತ್ತಿತ್ತು. ಕೆಲಸ ಮುಗಿಸಿ ಹೋಗುವಾಗ ವಿನಾಯಕ್ ಆ ಡಬ್ಬಿಯ ಕಡೆ ಯಾಕೆ ತಿರುಗಿ ನೋಡಿದ? ಬಸಮ್ಮ ನಿನ್ನೆ ಯಾಕೆ ರೊಟ್ಟಿಯ ಜೊತೆ ಶೇಂಗಾ ಚಟ್ನಿಪುಡಿಯನ್ನೂ ಕಳಿಸಿದಳು? ಗೇಟಿನ ಕ್ಯಾಮೆರಾ ರಸ್ತೆಯನ್ನು ಬಿಟ್ಟು ಬೇರೇನೂ ನೋಡುವುದಿಲ್ಲ ಎಂಬುದನ್ನು ಎರಡೆರಡು ಸಲ ಖಚಿತ ಮಾಡಿಕೊಂಡಿದ್ದ.

ಸೋಮವಾರ ಸಂಜೆಯವರೆಗೆ ಬಸಮ್ಮ ಒಲೆ ಹಚ್ಚುತ್ತಿರಲಿಲ್ಲ. ಹೆಂಗಸರ ಜೊತೆ ಶಿವನ ಗುಡಿಗೆ ಹೋಗುತ್ತಿದ್ದಳು. ಅವರು ಗೇಟು ದಾಟಿದ ಮೇಲೆ ಅವನು ಕೆಳಗಿಳಿದ. ಹಿಟ್ಟಿನ ಚೀಲಗಳು ಹಲಗೆಗಳ ಮೇಲೆ ಸಾಧುಗಳ ಹಾಗೆ ಕೂತಿದ್ದವು. ಫ್ಯೂಸು ಹಲ್ಲು ಕಿತ್ತಷ್ಟೂ ಕಷ್ಟವಾಗದೆ ಕೈಗೆ ಬಂತು.

ಮೇಲೆ ಬಂದಾಗ ಭಾಗ್ಯಮ್ಮ ದೇವರ ಮನೆಯಿಂದ ಎದ್ದು ಬಂದು ಮೆಟ್ಟಿಲ ಬಾಯಲ್ಲಿ ನಿಂತಿದ್ದಳು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

“ಕೆಳಗೇನ್ ಮಾಡ್ತಿದ್ಯೋ ಮುನಿ?”

“ಪಂಪ್ ನೋಡ್ಬಿಟ್ ಬಂದೆ ಕಣಮ್ಮ. ಮಳೆ ಬರೋ ಹಂಗಿದೆ.”

“ಎಲ್ಲಾ ಸರಿಯಾಗೈತಾ?”

“ಸಕ್ಕತ್ತಾಗಿದೆ.”

ಅವಳು ಅವನ ಮುಖವನ್ನೇ ನೋಡಿದಳು. “ಇನ್ನೊಂದ್ ಕಿತ ಹೋಗಿ ನೋಡ್ಬಿಟ್ ಬಾರಪ್ಪಾ. ನಾನ್ ಇಲ್ಲೇ ನಿಂತಿರ್ತೀನಿ.”

“ನಿಂದೊಳ್ಳೆ ಕತೆ ಆಯ್ತಲ್ಲಮ್ಮ! ನೋಡಿದ್ದನ್ನೇ ಎಷ್ಟ್ ಸಲ ನೋಡ್ಲಿ?” ಎಂದು ನಕ್ಕು ಬೈಕ್ ಹತ್ತಿದ. ವಯಸ್ಸಾದವರ ಗಾಬರಿ ಎಂದುಕೊಂಡ.

ಚಂದಾಪುರದಲ್ಲಿ ನೆಂಟರ ಮನೆಯ ನಾಮಕರಣ. ಹೋಳಿಗೆಯ ಎಲೆ ಮುಂದೆ ಕೂತಿದ್ದಾಗ ಆಕಾಶ ಬಿರಿಯಿತು. ಬೀದಿಯೇ ಕಾಲುವೆಯಾಗಿ ಹರಿಯಿತು. ಅವನು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾದ. “ಅಣ್ಣಾರ, ಮುಳುಗಿದ್ವಿರೀ” ಎಂಬ ಕೂಗಿಗೆ ಕೊಡಬೇಕಾದ ಉತ್ತರವನ್ನು ಬಾಯಿಪಾಠ ಮಾಡಿಕೊಂಡಿದ್ದ. ಫೋನು ಬರಲಿಲ್ಲ. ಮಳೆ ನಿಂತರೂ ಬರಲಿಲ್ಲ. ಯಾಕೆ ಬರಲಿಲ್ಲ? ಜೇಬು ಮುಟ್ಟಿ ನೋಡಿಕೊಂಡ, ಫ್ಯೂಸು ಇತ್ತು.

ಸಂಜೆ ಮನೆಗೆ ಬಂದು ಮೊದಲು ಬೇಸ್‌ಮೆಂಟಿಗೆ ಇಣುಕಿದ. ಅರ್ಧ ಮೆಟ್ಟಿಲವರೆಗೂ ಕೆಂಪು ನೀರು. ಜೀವ ಬಂದ ಹಾಗಾಯಿತು. ಮುಖವನ್ನು ಸಣ್ಣಗೆ ಮಾಡಿಕೊಂಡು ತಿರುಗುವಷ್ಟರಲ್ಲಿ ಪಟಪಟ ಎಂದು ರೊಟ್ಟಿ ಬಡಿಯುವ ಸದ್ದು ಕೇಳಿತು. ಅದು ನೆಲಮಹಡಿಯಿಂದ ಬರುತ್ತಿತ್ತು.

ಅವನ ಹೊಸ ಟೈಲ್ಸಿನ ಮೇಲೆ ಒಲೆಗಳು ಉರಿಯುತ್ತಿದ್ದವು. ಚೀಲಗಳು ಗೋಡೆಯುದ್ದಕ್ಕೂ ಒಂದಿಷ್ಟೂ ನೆನೆಯದೆ ನಿಂತಿದ್ದವು.

“ಬರ್ರೀ ಅಣ್ಣಾರ!” ಎಂದಳು ಬಸಮ್ಮ, ಹಿಟ್ಟಿನ ಕೈ ಎತ್ತಿ. “ಅಮ್ಮಾರು ದೇವರಂಥಾಕಿ ನೋಡ್ರಿ. ಹನಿ ಬೀಳೂಕಿಂತ ಮೊದಲ ಗುಡಿಗೆ ಫೋನ್ ಹಚ್ಚಿ ಕರೆಸಿದ್ರು. ಒಂದ ಚೀಲಾನೂ ತೋಯ್ದಿಲ್ರಿ. ಇನ್ನ ನೀವಾಗಿ ಹೋಗೂತನಕ ಮ್ಯಾಲೇ ಇರ್ರಿ ಅಂತ ಮತ್ತ ಎಲಿ ಅಡಿಕಿ ಕೊಟ್ಟಾರ. ಅಯ್ಯ, ನಿಂತ್ರ್ಯಾಕ? ಬಿಸಿ ರೊಟ್ಟಿ ತಿನ್ರಿ.”

ಹನಿ ಬೀಳುವ ಮೊದಲೇ? ಅವನು ಮೆಟ್ಟಿಲು ಹತ್ತಿ ಮೇಲೆ ಹೋದ. ತಾಯಿ ದೇವರ ಮನೆಯಲ್ಲಿ ಕೂತಿದ್ದಳು.

“ಮಳೆಗೆ ಮುಂಚೆ ನಿಂಗೆ ಹೆಂಗಮ್ಮ ಗೊತ್ತಾಯ್ತು?”

ಭಾಗ್ಯಮ್ಮ ಬೈಯಲಿಲ್ಲ. ಪಟದ ಕೆಳಗಿನ ಪುಟ್ಟ ಕೆಂಪು ದೀಪದ ಕಡೆ ಕೈ ತೋರಿಸಿದಳು, ಅದು ಆರಿತ್ತು. ಪಂಪು ಕೂರಿಸಿದ ದಿನ, ಅವನು ತೆಂಗಿನಕಾಯಿ ತರಲು ಹೋಗಿದ್ದಾಗ, ಕರೆಂಟು ಹೋದರೂ ದೇವರ ಮುಂದೆ ಬೆಳಕಿರಲಿ ಎಂದು ಅವಳು ವಿನಾಯಕ್‌ನ ಕೈಯಲ್ಲಿ ಅದೇ ಫ್ಯೂಸಿನಿಂದ ಒಂದು ತೆಳು ವೈರು ಎಳೆಸಿದ್ದಳು. ದಿನವೂ ಕಣ್ಣು ಮುಚ್ಚಿ ಕೈ ಮುಗಿದು ಹೋಗುತ್ತಿದ್ದ ಮಗ, ಆ ದೀಪ ಎಲ್ಲಿಂದ ಉರಿಯುತ್ತದೆಂದು ಒಂದು ದಿನವೂ ಕೇಳಿರಲಿಲ್ಲ. “ಮನೇಲೆಲ್ಲ ಕರೆಂಟ್ ಐತೆ, ನಾನ್ ಕೈ ಮುಗ್ಕೊಂಡ್ ಕುಂತಿವ್ನಿ, ದೀಪ ಟಪ್ಪಂತ ಹೋಯ್ತು,” ಎಂದಳು ಮೆಲ್ಲಗೆ. “ಎದ್ ಬಂದೆ, ನೀನ್ ಮೇಲ್ ಹತ್ತಿ ಬತ್ತಿದ್ದೆ. ನೀನ್ ಹೋದ್ಮೇಲೆ ವಿನಾಯಕ್‌ಗೆ ಫೋನ್ ಮಾಡ್ದೆ, ಊರಾಚೆ ಮಾಕಳೀಲಿದ್ದ, ಬರಾಕಾಗಲ್ಲ ಅಂದ. ಸುಟ್ಟಿದ್ರೆ ಡಬ್ಬೀಲೇ ಇರ್ತದೆ ಅಜ್ಜಿ, ಖಾಲಿ ಇದ್ರೆ ಯಾರೋ ತೆಗ್ದವ್ರೆ ಅಂದ. ಕೆಳಗೋಗಿ ನೋಡ್ದೆ, ಡಬ್ಬಿ ಖಾಲಿ.” ಆಮೇಲೆ ಅವಳು ತೀರ್ಥಕ್ಕೆ ಒಡ್ಡುವ ಹಾಗೆ ಬಲಗೈ ಒಡ್ಡಿದಳು. ಮುನಿಕೃಷ್ಣ ಜೇಬಿನಿಂದ ನೀಲಿ ಫ್ಯೂಸು ತೆಗೆದು, ತಲೆ ಎತ್ತದೆ, ಆ ಅಂಗೈಯ ಮೇಲೆ ಇಟ್ಟ.